ಒಂದು ಮಾನಿಟರ್, ಎರಡು ಪರದೆ

ಪ್ರಶ್ನೆ: ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಕೊಂಡೆ. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ಆ ಕಡೆಯವರಿಗೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದಂತೆ. ಇದನ್ನೇ ಎರಡು ಮಾನಿಟರ್ ಮಾಡಲು ಬರುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬರುತ್ತದೆ. ನಾನೂ ಈ ಪಾಡು ಪಟ್ಟವನೇ. ಮಾನಿಟರ್‌ನ ಗುಂಡಿ ಒತ್ತಿ, ಅದರ ಮೆನುವಿನಲ್ಲಿ ‘ಪಿಬಿಪಿ’, ಅಂದರೆ ಪಿಕ್ಚರ್ ಬೈ ಪಿಕ್ಚರ್, ಇದೆಯೇ ನೋಡಿ. ಇದ್ದರೆ ಒಂದೇ ಕಂಪ್ಯೂಟರ್‌ನಿಂದ ಎರಡು ಕೇಬಲ್ ಎಳೆಯಿರಿ: ಒಂದು ಎಚ್‌ಡಿಎಂಐ, ಇನ್ನೊಂದು ಡಿಸ್‌ಪ್ಲೇಪೋರ್ಟ್. 3440×1440 ಪಿಕ್ಸೆಲ್‌ಗಳ (ಪರದೆಯ ಚುಕ್ಕಿಗಳ) ಪರದೆ 1720×1440ರ ಎರಡು ಹೋಳಾಗುತ್ತದೆ. ವಿಂಡೋಸ್ ಪಾಪ, ಎರಡು ಮಾನಿಟರ್ ಇವೆಯೆಂದೇ ನಂಬುತ್ತದೆ.

ನನ್ನದು ಮೊದಲ ಸಲ 1920×1080 ಹಿಡಿದುಕೊಂಡು, ಅಕ್ಷರಗಳೆಲ್ಲ ಬಡಕಲಾಗಿ ಉದ್ದಕ್ಕೆ ಎಳೆದಂತಿದ್ದವು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1720×1440 ಆರಿಸಿದ ಮೇಲೆ ಸರಿಹೋಯಿತು. ಮೌಸ್ ಬಲಕ್ಕೆ ತಳ್ಳಿದರೆ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. ಅಲ್ಲೇ 1, 2 ಎಂಬ ಚೌಕಗಳನ್ನು ಅದಲು ಬದಲು ಮಾಡಿದೆ. ಪಿಬಿಪಿಯಲ್ಲಿ ಎಷ್ಟೋ ಮಾನಿಟರ್‌ಗಳ ರಿಫ್ರೆಶ್ ದರ, ಅಂದರೆ ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎಂಬುದು, 60 ಹರ್ಟ್ಸ್‌ಗೆ ಇಳಿಯುತ್ತದೆ. ಲೆಕ್ಕ ಬರೆಯುವವರಿಗೆ ಅದರಿಂದೇನೂ ನಷ್ಟವಿಲ್ಲ, ಆಟ ಆಡುವ ಮಗನಿದ್ದರೆ ಗಲಾಟೆ ಮಾಡಿಯಾನು.

ಪಿಬಿಪಿ ಇಲ್ಲವೇ? ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ತಂತ್ರಾಂಶ ಉಚಿತ. ಅದರ ಫ್ಯಾನ್ಸಿಝೋನ್ಸ್‌ನಲ್ಲಿ ಪರದೆಯನ್ನು ಭಾಗ ಮಾಡಿಟ್ಟು, ಶಿಫ್ಟ್ ಒತ್ತಿಕೊಂಡು ಕಿಟಕಿ ಎಳೆದರೆ ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಇದು ನಿಜವಾದ ಪಾಲಲ್ಲ. ವಿಡಿಯೊ ಫುಲ್‌ಸ್ಕ್ರೀನ್ ಮಾಡಿದರೆ ಇಡೀ ಪರದೆ ಅದರದೇ. ಮೀಟಿಂಗ್‌ನಲ್ಲಿ ‘ಎಂಟೈರ್ ಸ್ಕ್ರೀನ್’ ಬಿಟ್ಟು, ಎಕ್ಸೆಲ್ ಕಿಟಕಿಯೊಂದನ್ನೇ ಶೇರ್ ಮಾಡಿ.