ರಸ್ತೆ ಇಲ್ಲದ ಸುಲಿನಾ ಬಗ್ಗೆ ಕೇಳಿದ್ದೀರಲ್ಲ

ಡ್ಯಾನ್ಯೂಬ್ ನದಿ ಸಮುದ್ರ ಸೇರುವಲ್ಲಿನ ಪುಟ್ಟ ಪೇಟೆ ಸುಲಿನಾ, ಅಲ್ಲಿನವರು ರೊಮೇನಿಯಾದವರಾ ರಷ್ಯಾದವರಾ ಎಂದು ಕೇಳಿದ್ದೀರಿ. ನಗು ಬಂತು, ಬೇಜಾರು ಮಾಡಬೇಡಿ. ನಾನು ಕಾಸರಗೋಡಿನವನು. ಬೆಂಗಳೂರಿನಲ್ಲಿ ‘ನೀವು ಮಲಯಾಳಿನಾ’ ಅಂತಾರೆ, ಕೊಚ್ಚಿಯಲ್ಲಿ ‘ಕನ್ನಡದವರಾ’ ಅಂತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇಂಥ ಪ್ರಶ್ನೆಗೆ ಒಂದೇ ಪದದ ಉತ್ತರ ಕೊಡಲು ನನಗೆ ಇನ್ನೂ ಬಂದಿಲ್ಲ. ಸುಲಿನಾದವರಿಗೂ ಬರುವುದಿಲ್ಲ.

ನಮ್ಮ ಕಡೆಯ ಸುಮಾರು ಜನರ ಹಾಗೆ ನಾನೂ ಹಡಗಿನ ಕೆಲಸದವನು. 2022ರಲ್ಲಿ ಯುಕ್ರೇನ್‌ನಿಂದ ಮುಸುಕಿನ ಜೋಳ ತುಂಬಿಸಲು ಹೋದಾಗ ಸುಲಿನಾದ ಎದುರು ಸಮುದ್ರದಲ್ಲಿ ಲಂಗರು ಹಾಕಿ ದಿನಗಟ್ಟಲೆ ಕಾದೆವು. ಆಗ ಅಲ್ಲಿ ಹಡಗುಗಳ ದೊಡ್ಡ ಸಾಲು, ರಾತ್ರಿ ನೋಡಿದರೆ ಸಮುದ್ರದ ಮೇಲೆ ಒಂದು ಪೇಟೆ ಎದ್ದ ಹಾಗೆ. ಊರನ್ನು ಹತ್ತಿರದಿಂದ ನೋಡಿದ್ದು ಆಮೇಲೆ. ಇನ್ನೊಂದು ಹಡಗಿನಿಂದ ಸೈನ್ ಆಫ್ ಆಗಿ, ಅಂದರೆ ಕೆಲಸದ ಅವಧಿ ಮುಗಿಸಿ ಇಳಿದು, ಟಿಕೆಟ್ ಆಗದೆ ನಾಲ್ಕು ದಿನ ಅಲ್ಲೇ ಉಳಿಯಬೇಕಾಯಿತು. ಮೊದಲ ದಿನ ಏಜೆಂಟನಿಗೆ ಬೈದೆ, ನಾಲ್ಕನೇ ದಿನ ಬೈಯಲಿಲ್ಲ.

ಊರು ಹೇಗಿದೆ ಅಂದರೆ, ಡ್ಯಾನ್ಯೂಬ್ ನದಿ ಕಪ್ಪು ಸಮುದ್ರ ಸೇರುವ ಮೊದಲು ಮೂರು ಕವಲಾಗುತ್ತದೆ. ಬಡಗಿನದು ಕಿಲಿಯಾ, ಅದರ ಆಚೆ ದಡ ಯುಕ್ರೇನ್. ತೆಂಕಿನದು ಸ್ಫಂತು ಗೆಯೋರ್ಗೆ. ನಡುವಿನ ಕವಲಿನ ಅಳಿವೆಯಲ್ಲಿ ಸುಲಿನಾ, ರೊಮೇನಿಯಾದ ಅತಿ ಮೂಡಣದ ಪೇಟೆ. ಜನ ಮೂರು ಸಾವಿರದ ಆಸುಪಾಸು. ಸುತ್ತ ಎಲ್ಲ ಕಡೆ ಜೊಂಡು, ಜೌಗು, ಕೊಕ್ಕಿನಡಿ ಚೀಲ ತೂಗುವ ಪೆಲಿಕನ್ ಹಕ್ಕಿಗಳು. ತುಲ್ಚಾ ಎಂಬ ಪಟ್ಟಣದಿಂದ ಸುಮಾರು 70 ಕಿ.ಮೀ. ದೂರ, ಅದನ್ನು ಬೋಟಿನಲ್ಲೇ ಹೋಗಬೇಕು. ಬೀದಿಗಳಿಗೆ ಹೆಸರಿನ ತಲೆಬಿಸಿ ಇಲ್ಲ, ನದಿಗೆ ಸಮವಾಗಿ ಒಂದನೇ ಬೀದಿ, ಎರಡನೇ ಬೀದಿ ಎಂದು ಆರರವರೆಗೆ ಎಣಿಸಿದ್ದಾರೆ ಅಷ್ಟೆ. ಒಂದನೇ ಬೀದಿ ದಕ್ಕೆಯ ಬದಿಯದು, ಹೋಟೆಲು, ಕಾಫಿ, ಗದ್ದಲ ಎಲ್ಲ ಅಲ್ಲಿ. ಒಳಗೊಳಗೆ ಹೋದಂತೆ ಕೋಳಿ, ದ್ರಾಕ್ಷಿ ಚಪ್ಪರ, ಆಮೇಲೆ ಕಪ್ಪೆಗಳ ಕೂಗು.

ಇನ್ನು ಇಷ್ಟು ಪುಟ್ಟ ಊರಿಗೆ ಹಲವು ದೇಶಗಳ ಜನ ಯಾಕೆ ಬಂದರು ಎಂಬುದು. ಹೂಳಿನಿಂದ. ನದಿ ಅರ್ಧ ಯುರೋಪಿನ ಮಣ್ಣು ತಂದು ಅಳಿವೆಯಲ್ಲಿ ಸುರಿಯುತ್ತದೆ. ನೇತ್ರಾವತಿ ಅಳಿವೆ ಬಾಗಿಲಿನಲ್ಲಿ ಮರಳು ಕೂತು ಮೀನಿನ ಬೋಟುಗಳು ಪಡುವ ಪಾಡು ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಲಿನ ಬ್ರೈಲಾ, ಗಲಾಟ್ಸ್ ಬಂದರುಗಳಿಂದ ಧಾನ್ಯ ಹೊತ್ತ ಹಡಗುಗಳು ಇಲ್ಲಿ ಬಂದು ನೆಲ ಕಚ್ಚುತ್ತಿದ್ದವು. 1829ರಿಂದ ಈ ಅಳಿವೆ ರಷ್ಯಾದ ಕೈಯಲ್ಲಿತ್ತು. ತನ್ನ ಒಡೆಸ್ಸಾ ಬಂದರಿನ ವ್ಯಾಪಾರ ಚೆನ್ನಾಗಿರಲಿ ಎಂದು ಅದು ಬೇಕೆಂದೇ ಹೂಳು ತೆಗೆಸುವುದಿಲ್ಲ ಎಂದು ಬ್ರಿಟಿಷರು ದೂರುತ್ತಿದ್ದರು. ಕ್ರೈಮಿಯಾ ಯುದ್ಧದಲ್ಲಿ ರಷ್ಯಾ ಸೋತ ಮೇಲೆ, 1856ರ ಪ್ಯಾರಿಸ್ ಒಪ್ಪಂದದಲ್ಲಿ ಏಳು ದೇಶ ಸೇರಿ ಡ್ಯಾನ್ಯೂಬ್ ಆಯೋಗ ಅಂತ ಒಂದು ಮಾಡಿದವು. ಅದಕ್ಕೆ ತನ್ನದೇ ಬಾವುಟ ಕೂಡ ಇತ್ತು! ಚಾರ್ಲ್ಸ್ ಹಾರ್ಟ್ಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಬಂದು ಅಳಿವೆಯ ಎರಡೂ ಬದಿಗೆ ಸಮುದ್ರದೊಳಕ್ಕೆ ಕಲ್ಲಿನ ಕಟ್ಟೆ ಹಾಕಿಸಿದ. ನೀರು ಇಕ್ಕಟ್ಟಿನಲ್ಲಿ ರಭಸವಾಗಿ ಹರಿದು ಹೂಳನ್ನು ತಾನೇ ತಳ್ಳಿಕೊಂಡು ಹೋಗಬೇಕು, ಅದು ಲೆಕ್ಕ. ಆಮೇಲೆ 1880ರಿಂದ 1902ರವರೆಗೆ ಅಗೆದು, ಹಾವಿನ ಹಾಗೆ ಹೊರಳುತ್ತಿದ್ದ ಕವಲನ್ನು ನೆಟ್ಟಗೆ ಮಾಡಿದರು. ದಾರಿ ಸುಮಾರು 20 ಕಿ.ಮೀ. ಕಮ್ಮಿಯಾಯಿತು.

ಕೆಲಸ ಇದ್ದಲ್ಲಿ ಜನ. 1870ರಲ್ಲಿ ಊರಿಗೆ ಸುಂಕವಿಲ್ಲದ ಬಂದರು ಎಂಬ ಪಟ್ಟ ಬೇರೆ ಸಿಕ್ಕಿತು. ಗ್ರೀಕರು ವ್ಯಾಪಾರಕ್ಕೆ, ಹಡಗಿನ ದಲ್ಲಾಳಿ ಕೆಲಸಕ್ಕೆ ಬಂದರು. ತುರ್ಕರು ಮೊದಲೇ ಇದ್ದರು, ರಷ್ಯಾ ಸೋತ ಮೇಲೆ 1878ರವರೆಗೆ ಅದು ಮತ್ತೆ ಅವರದೇ ರಾಜ್ಯ. ಅರ್ಮೇನಿಯನ್ನರು, ಯಹೂದಿಗಳು, ಇಟಲಿಯವರು, ಆಯೋಗದ ಇಂಗ್ಲಿಷರು, ಎಲ್ಲರೂ ಇದ್ದರು. ಆಯೋಗ ಎರಡನೇ ಮಹಾಯುದ್ಧದ ಹೊತ್ತಿಗೆ ಮುಗಿಯಿತು. ಸುಂಕವಿಲ್ಲದ ಬಂದರೂ 1931ಕ್ಕೇ ಹೋಗಿತ್ತು. ಬಂದವರು ಹೆಚ್ಚಿನವರು ಹೋದರು. ಉಳಿದವರನ್ನು ನೋಡಬೇಕಿದ್ದರೆ ಬೀಚಿಗೆ ಹೋಗುವ ದಾರಿಯ ಸ್ಮಶಾನಕ್ಕೆ ಹೋಗಿ. ಇಂಗ್ಲಿಷ್ ನಾವಿಕರು, ಗ್ರೀಕರು, ಯಹೂದಿಗಳು, ಮುಸ್ಲಿಮರು, ಎಲ್ಲರಿಗೂ ಅಕ್ಕಪಕ್ಕದಲ್ಲೇ ಜಾಗ. ಒಬ್ಬ ಕಡಲ್ಗಳ್ಳನ ಗೋರಿಯೂ ಇದೆ ಅನ್ನುತ್ತಾರೆ. ಮುಳುಗಿ ಸತ್ತ ಹುಡುಗರ ವಯಸ್ಸು ಓದುತ್ತಾ ಹೋದೆ, ನಮ್ಮ ಹಡಗಿನಲ್ಲಿ ಕೆಲಸ ಕಲಿಯುವ ಕೆಡೆಟ್‌ಗಳ ವಯಸ್ಸೇ. ಅಲ್ಲಿಂದ ಬೇಗ ಎದ್ದು ಬಂದೆ.

ಈಗ ಊರಲ್ಲಿ ರೊಮೇನಿಯನ್ನರೇ ಜಾಸ್ತಿ. ಅವರ ಜೊತೆ ಲಿಪೊವಾನರು. ನೀವು ರಷ್ಯಾದವರು ಅಂದುಕೊಂಡದ್ದು ಇವರನ್ನೇ ಇರಬೇಕು. ಹದಿನೇಳನೇ ಶತಮಾನದಲ್ಲಿ ರಷ್ಯಾದ ಚರ್ಚು ಪೂಜೆಯ ಕ್ರಮ ಬದಲಿಸಿದಾಗ ಒಪ್ಪದೆ, ಕಿರುಕುಳ ತಾಳದೆ ಓಡಿಬಂದವರ ಮಕ್ಕಳು ಮೊಮ್ಮಕ್ಕಳು. ಶಿಲುಬೆಯ ಗುರುತನ್ನು ಇವತ್ತಿಗೂ ಎರಡೇ ಬೆರಳಲ್ಲಿ ಮಾಡುತ್ತಾರೆ. ಮನೆಯಲ್ಲಿ ಹಳೆಯ ರಷ್ಯನ್, ಅಂಗಡಿಯಲ್ಲಿ ರೊಮೇನಿಯನ್. ಮೀನು ಹಿಡಿಯುವುದು ಕಸುಬು, ಅವರ ದೋಣಿಗೆ ಲೋಟ್ಕಾ ಎನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಕನೂ (ಸಣ್ಣ ದೋಣಿಯ ಓಟ) ಪಟು ಇವಾನ್ ಪಾಟ್ಸಾಯ್ಕಿನ್ ಇದೇ ಜನ, ಅವನ ಊರಿನ ಹೆಸರು ‘ಮೈಲಿ 23’. ಸುಲಿನಾದಿಂದ ನೀರಿನ ಮೇಲೆ ಎಣಿಸಿದ ಮೈಲಿ! ಡ್ಯಾನ್ಯೂಬ್‌ನ ದೂರ ಎಣಿಸುವ ಸೊನ್ನೆ ಇರುವುದು ಇಲ್ಲಿ, ಕೊನೆಯಲ್ಲಿ.

ಕ್ರಿಸ್‌ಮಸ್ ಕೂಡ ಎರಡು ಸಲ, ರೊಮೇನಿಯನ್ನರದು ಡಿಸೆಂಬರ್ 25, ಲಿಪೊವಾನರದು ಜನವರಿ 7. ಪಂಚಾಂಗ ಬೇರೆ. ನಮ್ಮಲ್ಲಿ ಚಾಂದ್ರಮಾನ ಸೌರಮಾನ ಎಂದು ಅಷ್ಟಮಿ ಎರಡು ಸಲ ಬರುವುದಿಲ್ವಾ, ಹಾಗೆ. ನೆರೆಮನೆಯಲ್ಲಿ ಎರಡು ಸಲ ಊಟ, ಅಷ್ಟೇ ವ್ಯತ್ಯಾಸ.

ಊಟ ಅಂದಾಗ ನೆನಪಾಯಿತು, ಮೀನಿನ ಬೋರ್ಷ್ ಬಿಡಬೇಡಿ. ಹುಳಿ ಸಾರು ಬೇರೆ, ಬೆಂದ ಮೀನು ಬೇರೆ ತಟ್ಟೆಯಲ್ಲಿ, ಜೊತೆಗೆ ಬೆಳ್ಳುಳ್ಳಿ ಚಟ್ನಿ, ಮುಸುಕಿನ ಜೋಳದ ಹಿಟ್ಟಿನ ಮಮಲಿಗಾ. ಘಟ್ಟದ ಮೇಲಿನವರಿಗೆ ಮುದ್ದೆ ತಿಂದ ಹಾಗಾಗುತ್ತದೆ. ಖಾರ ಇಲ್ಲ, ಉಪ್ಪಿನಕಾಯಿ ಒಯ್ಯಿರಿ. ಸ್ಟರ್ಜನ್ ಮೀನು ಹಿಡಿಯಲು 2006ರಿಂದ ನಿಷೇಧ ಇದೆ, ನದಿಯದ್ದು ಎಂದು ಯಾರಾದರೂ ಗುಟ್ಟಾಗಿ ಕೊಟ್ಟರೆ ಬೇಡ ಅನ್ನಿ. ರೂಮು ಒಂದನೇ ಬೀದಿಯಲ್ಲಿ ಬೇಡ, ಮೂರನೆಯದರಲ್ಲಿ ಹಿಡಿಯಿರಿ, ನಿದ್ದೆ ಬರುತ್ತದೆ. ಆರನೆಯದಕ್ಕೆ ಹೋದರೆ ಸೊಳ್ಳೆ.