ಲಿಯೊನಾರ್ಡೊ ಬರೆದ ಐದು ತಲೆಗಳ ಚಿತ್ರಕ್ಕೆ ಅರ್ಥವೇನು?

ನಡುವೆ ಒಬ್ಬ ಮುದುಕ, ಸುತ್ತ ವಿಕಾರ ಮುಖದ ನಾಲ್ವರು. ಲಿಯೊನಾರ್ಡೊ ಡ ವಿಂಚಿಯ ಈ ಶಾಯಿ ಚಿತ್ರದಲ್ಲಿರುವ ನಾಲ್ವರು, ಹಳೆಯ ಕಾಲದ ಯುರೋಪಿನವರು ನಂಬಿದ್ದ ಮನುಷ್ಯನ ನಾಲ್ಕು ಸ್ವಭಾವಗಳಾ ಅಂತ ಕೇಳಿದ್ದೀರಿ. ಹಾಗೆ ಹೇಳಿದವರು ಇದ್ದಾರೆ. ಹುಚ್ಚಿನ ಬಗೆಗಳು ಅಂದವರೂ ಇದ್ದಾರೆ. ನನಗೇನೋ ಒಪ್ಪಿಗೆಯಿಲ್ಲ. ಬರೀ ಮುಖ ನೋಡುತ್ತಾ ಕೂತರೆ ಹಾಗೆಲ್ಲ ತೋಚುತ್ತದೆ.

ನಾನು ನಿಬ್ಬಿನ ಪೆನ್ನಿನಲ್ಲಿ ಚಿತ್ರ ಬರೆಯುತ್ತೇನೆ. ಕೈ ಪಳಗಲಿ ಅಂತ ಒಮ್ಮೆ ಇದನ್ನೇ ನಕಲು ಮಾಡಲು ಕೂತೆ. ಮೊದಲ ಪೇಚಾಟ ನೆರಳಿನ ಗೆರೆಗಳದ್ದು. ಅವು ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುತ್ತವೆ, ಆತ ಎಡಚ. ಹಾಳೆ ತಿರುಗಿಸಿಕೊಳ್ಳದೆ ನನ್ನ ಬಲಗೈಗೆ ಅದು ಬರಲೇ ಇಲ್ಲ.

ಗೆರೆ ಹಾಕುತ್ತಾ ಹೋದಂತೆ ನಡುವಿನವನು ವಿಚಿತ್ರವಾಗಿ ಕಂಡ. ಎಲ್ಲರೂ ಮೈಮೇಲೆ ಬಿದ್ದ ಹಾಗೆ ನಿಂತಿದ್ದಾರೆ, ಇವನಿಗೆ ಪರಿವೆಯೇ ಇಲ್ಲ. ನಾಣ್ಯದ ಮೇಲಿನ ದೊರೆಯಂತೆ ಪಕ್ಕಕ್ಕೆ ಮುಖ ಮಾಡಿದ್ದಾನೆ. ತಲೆಗೆ ಓಕ್ ಎಲೆಗಳ ಮಾಲೆ ಬೇರೆ. ಹಿಂದೆ ಒಬ್ಬ ಬಾಯಿ ಅಗಲಿಸಿ ನಗುತ್ತಿದ್ದಾನೆ. ಸ್ವಭಾವಗಳ ಚಿತ್ರವಾದರೆ ಇಷ್ಟು ಒತ್ತೊತ್ತಾಗಿ ಯಾಕೆ ನಿಲ್ಲಬೇಕು? ಇಲ್ಲಿ ಏನೋ ನಡೆಯುತ್ತಿದೆ, ಅಲ್ವಾ?

ಈ ಹಾಳೆ ಈಗ ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ರಾಜಮನೆತನದ ಸಂಗ್ರಹದಲ್ಲಿದೆ. ಅಲ್ಲಿನ ಚಿತ್ರಗಳನ್ನು ನೋಡಿಕೊಂಡ ಮಾರ್ಟಿನ್ ಕ್ಲೇಟನ್ ಕೊಟ್ಟ ವಿವರಣೆ ನನಗೆ ಹಿಡಿಸಿತು. ಇದು ಜಿಪ್ಸಿಗಳು ಒಬ್ಬನಿಗೆ ಟೋಪಿ ಹಾಕುವ ದೃಶ್ಯ. ಬಲಗಡೆಯ ಮುದುಕಿ ಅವನ ಕೈ ನೋಡಿ ಭವಿಷ್ಯ ಹೇಳುತ್ತಿದ್ದಾಳೆ. ಅಷ್ಟರಲ್ಲಿ ಎಡಗಡೆಯವಳು ಅವನ ತೋಳಿನ ಕೆಳಗೆ ಕೈ ತೂರಿಸಿ ಹಣದ ಚೀಲ ಎಗರಿಸುತ್ತಿದ್ದಾಳೆ. ಹಾಗಾದರೆ ಹಿಂದಿನವನ ನಗುವಿಗೂ ಕಾರಣ ಸಿಕ್ಕಿತು. ಇದು ನಮಗೆ ಥಟ್ಟನೆ ಹೊಳೆಯದಿರಲು ಕಾರಣ, ಹಾಳೆಯ ಅಂಚು ಕತ್ತರಿಸಿ ಹೋಗಿದೆ. ಕತೆ ಇರುವುದು ಕೈಗಳಲ್ಲಿ, ಉಳಿದದ್ದು ಮುಖಗಳು.

ಕಾಲವೂ ಹೊಂದುತ್ತದೆ. ಚಿತ್ರ ಸುಮಾರು 1493ರದ್ದು. ಆಗ ಲಿಯೊನಾರ್ಡೊ ಮಿಲಾನಿನಲ್ಲಿದ್ದ. ಅದೇ ವರ್ಷ ಜಿಪ್ಸಿಗಳು ಊರು ಬಿಡಬೇಕು ಅಂತ ಅಲ್ಲಿ ಆಜ್ಞೆಯಾಗಿತ್ತು. ಅಂದರೆ ಆ ಜನರ ಬಗ್ಗೆ ಊರಿಗಿದ್ದ ತಾತ್ಸಾರವೂ ಈ ವಿಕಾರ ಮುಖಗಳಲ್ಲಿ ಸೇರಿಕೊಂಡಿದೆ. ಅದನ್ನು ಸುಮ್ನೆ ತಮಾಷೆ ಅಂತ ದಾಟಿಹೋಗಲು ನನಗೆ ಮನಸ್ಸಿಲ್ಲ.

ಇನ್ನು ಆ ಎಲೆಯ ಮಾಲೆ. ಇದು ನನ್ನ ಊಹೆ, ಜಾಸ್ತಿ ನಂಬಬೇಡಿ. ಹಳೆಯ ರೋಮಿನಲ್ಲಿ ಸಹನಾಗರಿಕನ ಜೀವ ಉಳಿಸಿದವನಿಗೆ ಓಕ್ ಎಲೆಯ ಕಿರೀಟ ತೊಡಿಸುತ್ತಿದ್ದರು. ಈ ಮಹಾಶಯನ ಕೈಯಲ್ಲಿ ಸ್ವಂತ ಹಣದ ಚೀಲ ಉಳಿಸಿಕೊಳ್ಳುವುದೂ ಆಗುತ್ತಿಲ್ಲ.