ಅಲಾಸ್ಕಾದ ಕಸಾನ್ ಎಂಬ ಕರಾವಳಿ ಹಳ್ಳಿಯಲ್ಲಿರುವ, ಹೈಡಾ ಎಂಬ ಮೂಲನಿವಾಸಿ ಜನರ ಹಳೆಯ ಮರದ ಮನೆಯನ್ನು ಹೊಸದಾಗಿ ಕಟ್ಟದೆ ದುರಸ್ತಿಯಿಂದಲೇ ಉಳಿಸಿಕೊಂಡದ್ದು ಹೇಗೆ?

ಕೊಳೆತ ಮರವನ್ನಷ್ಟೇ ತೆಗೆದು, ಅದೇ ಜಾತಿಯ ಕೆಂಪು ಸೀಡರ್ ಮರವನ್ನು ಅದೇ ಅಳತೆಗೆ ಕೈಯಿಂದಲೇ ಕೆತ್ತಿ ಕೂರಿಸಿ, ಗಟ್ಟಿಯಾಗಿದ್ದ ಹಳೆಯ ಭಾಗಗಳನ್ನು ಹಾಗೆಯೇ ಉಳಿಸಿಕೊಂಡರು.

ಇದು ಸಾಧ್ಯವಾದದ್ದು ಸೀಡರ್ ಮರದ ಗುಣದಿಂದ. ಅದರ ತಿರುಳಿನಲ್ಲಿ ಶಿಲೀಂಧ್ರವನ್ನು ತಡೆಯುವ ಸಹಜ ರಾಸಾಯನಿಕಗಳಿವೆ. ಆದರೆ ಆ ಕರಾವಳಿಯ ಎಡೆಬಿಡದ ಮಳೆ ಅವನ್ನು ನಿಧಾನವಾಗಿ ತೊಳೆದುಹಾಕುವುದರಿಂದ, ಒದ್ದೆ ನೆಲಕ್ಕೆ ತಾಗಿದ ಕಂಬದ ಬುಡ ಮತ್ತು ನೀರು ನಿಲ್ಲುವ ತುದಿಗಳು ಮೊದಲು ಕೊಳೆಯುತ್ತವೆ, ಮಾಡಿನ ಕೆಳಗೆ ಒಣಗಿಯೇ ಇರುವ ಮರ ಬಹುಕಾಲ ಗಟ್ಟಿಯಾಗಿರುತ್ತದೆ. ಆದ್ದರಿಂದಲೇ ಒಳಗಿನ ಕೆತ್ತನೆಯ ಕಂಬಗಳು ಉಳಿದವು.

ಹೈಡಾ ಮುಖ್ಯಸ್ಥ ಸನ್-ಇ-ಹಾಟ್ 1880ರ ಸುಮಾರಿಗೆ ಕಟ್ಟಿಸಿದ, ತಿಮಿಂಗಿಲ ಮನೆ ಎಂದು ಹೆಸರಾದ ಈ ಕಟ್ಟಡವನ್ನು 1930ರ ದಶಕದ ಕೊನೆಯಲ್ಲಿ ಸರ್ಕಾರಿ ಉದ್ಯೋಗ ಯೋಜನೆಯೊಂದರಡಿ ಹೈಡಾ ಕೆಲಸಗಾರರೇ ಒಮ್ಮೆ ದುರಸ್ತಿ ಮಾಡಿದ್ದರು. ಇತ್ತೀಚಿನ ದುರಸ್ತಿ ಮುಗಿದು 2016ರಲ್ಲಿ ಮನೆ ಮತ್ತೆ ಸಮುದಾಯಕ್ಕೆ ಸಮರ್ಪಿತವಾಯಿತು. ಯಂತ್ರದಿಂದ ಕೊಯ್ದ ನುಣುಪು ಹಲಗೆ ಬೇಗ ಸಿಗುತ್ತಿತ್ತು, ನಿಜ. ಆದರೆ ಬಾಚಿಯ ಏಟಿನಿಂದ ಮೂಡುವ ಸಾಲುಗುರುತು ಈ ಕಟ್ಟಡಕಲೆಯ ಭಾಗವೇ ಆಗಿರುವುದರಿಂದಲೂ, ಆ ಕೆಲಸದಲ್ಲಿಯೇ ಊರಿನ ಯುವಕರು ಕೆತ್ತನೆ ಕಲಿಯಬೇಕಿದ್ದುದರಿಂದಲೂ ನಿಧಾನದ ದಾರಿಯನ್ನೇ ಹಿಡಿದರು; ಅದು ಅತ್ಯಂತ ಸರಿಯಾದ ಆಯ್ಕೆಯೆಂದು ನಾನು ದೃಢವಾಗಿ ನಂಬುತ್ತೇನೆ.